ಶಾಲೆಯ ಸಂಗೀತ ಟೀಚರ್ ಬಗ್ಗೆ ಪೋಷಕರು ಎಲ್ಲಿ, ಎಷ್ಟು ಕೇಳಬಹುದು?

ನಮ್ಮದು ಕೇರಳದ ಕಾಸರಗೋಡು. ಕಳೆದ ವರ್ಷ ಮಗಳ ಟೈಂಟೇಬಲ್‌ನಲ್ಲಿ ಗುರುವಾರದ ಕೊನೆಯ ಪೀರಿಯಡ್ ಸಂಗೀತ ಎಂದಿತ್ತು. ಓಣಂ ಪರೀಕ್ಷೆ ಮುಗಿದರೂ ಅವಳು ಒಂದು ಹಾಡು ಕಲಿತಿರಲಿಲ್ಲ, ಆ ಹೊತ್ತಿನಲ್ಲಿ ಗಣಿತ ನಡೆಯುತ್ತಿತ್ತಂತೆ. ನಾವು ನಾಲ್ಕೈದು ಪೋಷಕರು ಗೇಟಿನ ಹೊರಗೆ ನಿಂತು ಟೀಚರ್‌ಗೆ ಬೈದೆವು. ಆಮೇಲೆ ಗೊತ್ತಾಯಿತು, ಅವರು ಒಂದೇ ವಾರದಲ್ಲಿ ಮೂರು ಶಾಲೆಗೆ ಓಡಬೇಕು. ಸುಮ್ನೆ ಬೈದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಹಾಗಾಗಿ ಮೊದಲು ಟೀಚರ್ ಯಾರ ಕಡೆಯವರು ಎಂದು ತಿಳಿದುಕೊಳ್ಳಿ. ಸರ್ಕಾರಿ ಶಾಲೆಯ ಕಾಯಂ ಟೀಚರ್ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ ಬರುತ್ತಾರೆ. ಅನುದಾನಿತ ಶಾಲೆಯಲ್ಲಿ ನೇಮಿಸುವುದು ಮ್ಯಾನೇಜರ್, ಸಂಬಳ ಕೊಡುವುದು ಸರ್ಕಾರ. ಕೇಂದ್ರ-ರಾಜ್ಯಗಳ ಶಾಲಾ ಯೋಜನೆಯಾದ ಸಮಗ್ರ ಶಿಕ್ಷಾದ ಸ್ಪೆಷಲಿಸ್ಟ್ ಟೀಚರ್ ಗುತ್ತಿಗೆಯವರು, ಹಲವು ಶಾಲೆಗೆ ಹಂಚಿಹೋದವರು. ಮೂರು ಕಡೆಯೂ ತೆರಿಗೆಯ ಹಣವೇ, ಆದರೆ ದೂರು ಹೋಗುವ ದಾರಿ ಬೇರೆ.

ನಂತರ ಹೆಡ್‌ಮಾಸ್ಟರನ್ನು ನೋಡಿ. ಎರಡೇ ಪ್ರಶ್ನೆ: ವಾರಕ್ಕೆ ಎಷ್ಟು ಪೀರಿಯಡ್, ಈ ತಿಂಗಳು ನಡೆದದ್ದು ಎಷ್ಟು? ಬಹಳಷ್ಟು ವಿಷಯ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಎಸ್‌ಎಂಸಿ, ಅಂದರೆ ಶಾಲಾ ನಿರ್ವಹಣಾ ಸಮಿತಿಯ ಸಭೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಶಾಲೆ ಹೇಗೆ ನಡೆಯುತ್ತಿದೆ, ಬಂದ ಹಣ ಎಲ್ಲಿ ಹೋಯಿತು ಎಂದು ನೋಡುವುದು, ಅಭಿವೃದ್ಧಿ ಯೋಜನೆ ಬರೆಯುವುದು ಅದರ ಕೆಲಸ. ಹಾರ್ಮೋನಿಯಂ ಬೇಕು ಅಂತಿದ್ದರೆ ಆ ಯೋಜನೆಯಲ್ಲೇ ಬರೆಸಿ. ಅದೇ ಕಾಯ್ದೆಯಲ್ಲಿ, 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ಇದನ್ನು ಸಭೆಯಲ್ಲಿ ಓದಿ ಹೇಳಿ, ನಿರ್ಣಯ ಪುಸ್ತಕದಲ್ಲಿ ಬರೆಸಿಕೊಳ್ಳಿ.

ಅಲ್ಲೂ ಆಗದಿದ್ದರೆ ಆ ನಿರ್ಣಯದ ಪ್ರತಿ ಇಟ್ಟು ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ! ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ನಾವೇ ಬಳಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ ಅಲ್ವಾ? ಲೆಕ್ಕಪತ್ರ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ.

ಶಾಲೆಯಲ್ಲಿ ಮಕ್ಕಳಿಲ್ಲದ ತೆರಿಗೆದಾರರಿಗೆ ಗ್ರಾಮಸಭೆ ಇದೆ. ಸರ್ಕಾರಿ ಎಲ್‌ಪಿ, ಯುಪಿ (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಗಳು ಪಂಚಾಯತಿನ ಕೈಯಲ್ಲಿವೆ, ವಾರ್ಡ್ ಮೆಂಬರ್ ಎದುರಿಗೇ ಕೇಳಬಹುದು.

ಇನ್ನು ನಮ್ಮ ಕೈಯಲ್ಲಿ ಇಲ್ಲದ್ದು. ಟೀಚರನ್ನು ತೆಗೆಯಿರಿ ಎಂದು ಹೇಳುವ ಅಧಿಕಾರ ಎಸ್‌ಎಂಸಿಗೆ ಇಲ್ಲ, ಪೋಷಕ-ಶಿಕ್ಷಕರ ಸಂಘವಾದ ಪಿಟಿಎಗೂ ಇಲ್ಲ. ಯಾವ ಹಾಡು, ಯಾವ ರಾಗ ಮೊದಲು ಎಂಬುದು ಪಠ್ಯಕ್ರಮಕ್ಕೂ ಟೀಚರ್‌ಗೂ ಬಿಟ್ಟದ್ದು, ಅಲ್ಲಿ ಕೈ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಕಲಿಸಿ ಎಂದು ಕೇಳುವುದು ಬೇರೆ, ಅದನ್ನು ಧೈರ್ಯವಾಗಿ ಕೇಳಿ.

ಮತ್ತೊಂದು, ಇದು ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ಶಾಲಾ ಮಕ್ಕಳ ಕಲಾ ಸ್ಪರ್ಧೆಯಾದ ಕಲೋತ್ಸವ ಹತ್ತಿರ ಬಂದ ಕೂಡಲೇ ನಾವು ಪೋಷಕರೇ ಟೀಚರ್ ಹಿಂದೆ ಬೀಳುತ್ತೇವೆ, ನನ್ನ ಮಗುವಿಗೆ ಎ ಗ್ರೇಡ್ ಬರಲಿ ಎಂದು. ಟೀಚರ್ ಆ ಐದಾರು ಮಕ್ಕಳನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ಕಲಿಸುತ್ತಾರೆ, ಉಳಿದವರು ಕಿಟಕಿಯಲ್ಲಿ ನಿಂತು ಕೇಳುತ್ತಾರೆ. ಮುಂದಿನ ಸಭೆಯಲ್ಲಿ ನಾನು ಕೇಳಬೇಕೆಂದು ಬರೆದಿಟ್ಟ ಪ್ರಶ್ನೆ ಇದೇ: ಕಲೋತ್ಸವದ ತಿಂಗಳಲ್ಲಿ ಕಿಟಕಿಯಲ್ಲಿ ನಿಂತ ಮಕ್ಕಳ ಪೀರಿಯಡ್ ಯಾವ ದಿನ?