ಕ್ಯಾಲಿಫೋರ್ನಿಯಾದಲ್ಲಿ ಕೆಲಸ, ಇಂಡಿಯಾನಾಪೊಲಿಸ್‌ನಲ್ಲಿ ಬಾಡಿಗೆ ಮನೆ

2019ರಲ್ಲಿ ನಾವಿರುವ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಎಂಥ ಹಳೇ ಮನೆ ಅಂದರೂ ಹತ್ತು ಲಕ್ಷ ಡಾಲರ್ ದಾಟುತ್ತಿತ್ತು. ಅದನ್ನು ಕೊಂಡು ಬಾಡಿಗೆಗೆ ಬಿಟ್ಟರೆ ಸಾಲದ ಕಂತೂ ಹುಟ್ಟುವುದಿಲ್ಲ. ಅದೇ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಮೂರು ಬೆಡ್‌ರೂಮಿನ ಮನೆ 1,20,000 ಡಾಲರಿಗೆ ಸಿಗುತ್ತಿತ್ತು, ಬಾಡಿಗೆ 1,100 ಬರುತ್ತಿತ್ತು. ನಾನು, ನನ್ನ ಗಂಡ ಇಬ್ಬರೂ ಸಾಫ್ಟ್‌ವೇರ್‌ನವರು, ಮನೆಯಲ್ಲಿ ಚಿಕ್ಕ ಮಗು. ಹಳೇ ಮನೆ ಹುಡುಕಿ, ಕಂಟ್ರಾಕ್ಟರ್ ಹಿಡಿದು ರಿಪೇರಿ ಮಾಡಿಸುವ ಪುರುಸೊತ್ತು ನಮಗಿರಲಿಲ್ಲ. ಹಾಗಾಗಿ ಟರ್ನ್‌ಕೀ ಕಡೆ ಹೋದೆವು.

ಟರ್ನ್‌ಕೀ ಅಂದರೆ ಇಷ್ಟು: ಒಂದು ಕಂಪನಿ ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆದಾರರನ್ನು ಕೂರಿಸಿ, ಆಮೇಲೆ ನಮ್ಮಂಥವರಿಗೆ ಮಾರುತ್ತದೆ. ಮುಂದೆ ನೋಡಿಕೊಳ್ಳುವುದಕ್ಕೂ ಅವರದೇ ಜನ ಇರುತ್ತಾರೆ, ಇಲ್ಲವೇ ಅವರು ತೋರಿಸಿದ ಪ್ರಾಪರ್ಟಿ ಮ್ಯಾನೇಜರ್. ಮೆಂಫಿಸ್, ಬರ್ಮಿಂಗ್‌ಹ್ಯಾಮ್, ಕ್ಲೀವ್‌ಲ್ಯಾಂಡ್, ಕಾನ್ಸಾಸ್ ಸಿಟಿ, ಎಲ್ಲ ಕಡೆ ಈ ವ್ಯಾಪಾರ ಇದೆ. ನಾವು ಇಂಡಿಯಾನಾಪೊಲಿಸ್ ಆರಿಸಿದ್ದಕ್ಕೆ ದೊಡ್ಡ ಸಂಶೋಧನೆಯೇನೂ ಇಲ್ಲ. ಇಂಡಿಯಾನಾ ರಾಜ್ಯದ ರಾಜಧಾನಿ, ಔಷಧ ಕಂಪನಿ ಎಲೈ ಲಿಲ್ಲಿಯ ಮುಖ್ಯ ಕಚೇರಿ, ವಿಮಾನ ನಿಲ್ದಾಣದಲ್ಲಿ ಕೊರಿಯರ್ ಕಂಪನಿ ಫೆಡೆಕ್ಸ್‌ನ ದೊಡ್ಡ ಹಬ್, ಆಸ್ಪತ್ರೆಗಳು. ಒಂದು ಕಾರ್ಖಾನೆ ಮುಚ್ಚಿದರೆ ಊರೇ ಖಾಲಿಯಾಗುವ ಜಾಗವಲ್ಲ. ಅಷ್ಟು ಸಾಕು ಅನ್ನಿಸಿತು.

ಹಾಸನದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಕಣ್ಣಲ್ಲಿ ನೋಡದೇ ಇರೋ ಮನೇನ ತಗೊಳ್ತೀಯೇನಮ್ಮಾ? ಇಸಿ ತೆಗೆಸಿದ್ಯಾ?" ಅಂದರು. ಆಸ್ತಿಯ ಮೇಲೆ ಸಾಲ, ತಕರಾರು ಇದೆಯೇ ಎಂದು ನೋಡುವ ಆ ಕೆಲಸವನ್ನು ಇಲ್ಲಿ ಟೈಟಲ್ ಕಂಪನಿ ಮಾಡುತ್ತದೆ, ಮೇಲೆ ವಿಮೆಯನ್ನೂ ಕೊಡುತ್ತದೆ ಅಂದಾಗ ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅವರ ಅನುಮಾನ ಸರಿಯಾದದ್ದೇ, ಆದರೆ ಇಲ್ಲಿ ಅದನ್ನು ಇಡಬೇಕಾದ ಜಾಗ ಬೇರೆ. ಪತ್ರ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಅನುಮಾನಿಸಬೇಕಾದ್ದು ಮಾರುವವರು ಕಳಿಸುವ ಒಂದು ಪುಟದ ಲೆಕ್ಕವನ್ನು.

ಅದನ್ನು ಪ್ರೊಫಾರ್ಮಾ ಅನ್ನುತ್ತಾರೆ. ನಮಗೆ ಬಂದ ಮೊದಲ ಹಾಳೆಯಲ್ಲಿ ಬಾಡಿಗೆ 1,100. ಶೇ. 20 ಡೌನ್ ಪೇಮೆಂಟ್, ಶೇ. 5 ಬಡ್ಡಿಯಲ್ಲಿ 30 ವರ್ಷದ ಸಾಲಕ್ಕೆ ಕಂತು 515. ತೆರಿಗೆ 100, ವಿಮೆ 60, ಮ್ಯಾನೇಜ್‌ಮೆಂಟ್ 88, ಮನೆ ಖಾಲಿ ಇರುವ ಲೆಕ್ಕಕ್ಕೆ 55, ರಿಪೇರಿಗೆ 55. ತಿಂಗಳಿಗೆ 227 ಡಾಲರ್ ಕೈಗೆ ಬರುತ್ತದೆ ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು.

ಒಂದು ಶನಿವಾರ ಮಗು ಮಲಗಿದ ಮೇಲೆ ಒಂದೊಂದೇ ಸಾಲು ಹಿಡಿದು ಕೂತೆ. ಮೊದಲು ತೆರಿಗೆ. ಇಂಡಿಯಾನಾದಲ್ಲಿ ಮಾಲೀಕರೇ ವಾಸವಿರುವ ಮನೆಗೆ ಆಸ್ತಿ ತೆರಿಗೆಯ ಮಿತಿ ಸರ್ಕಾರಿ ಮೌಲ್ಯದ ಶೇ. 1, ಬಾಡಿಗೆ ಮನೆಗೆ ಶೇ. 2. ಹಾಳೆಯಲ್ಲಿದ್ದದ್ದು ಹಿಂದೆ ಅಲ್ಲೇ ವಾಸವಿದ್ದ ಮಾಲೀಕರ ಬಿಲ್ಲು. ನಮ್ಮ ಹೆಸರಿಗೆ ಬಂದರೆ ಅದು ತಿಂಗಳಿಗೆ 200ರ ತನಕ ಹೋಗಬಹುದು. ಜನ ಮತ ಹಾಕಿ ಒಪ್ಪಿದ ಶಾಲಾ ತೆರಿಗೆ ಇದ್ದರೆ ಅದು ಮಿತಿಯ ಹೊರಗೆ, ಬೇರೆ. ಇನ್ನೊಂದು ಮಜಾ ಇದೆ. ಅಲ್ಲಿ ಈ ವರ್ಷ ಮೇ ಮತ್ತು ನವೆಂಬರ್‌ನಲ್ಲಿ ಕಟ್ಟುವುದು ಹೋದ ವರ್ಷದ ತೆರಿಗೆ. ಹಾಗಾಗಿ ಕೊಂಡ ಹೊಸತರಲ್ಲಿ ಬಿಲ್ಲು ಕಮ್ಮಿ ಬಂದು, ಆಮೇಲೆ ಒಮ್ಮೆಲೇ ಏರುತ್ತದೆ. ಅಲಬಾಮಾದಲ್ಲೂ ಹೀಗೇ: ಮಾಲೀಕರು ವಾಸವಿದ್ದರೆ ಮೌಲ್ಯದ ಶೇ. 10 ಭಾಗಕ್ಕೆ ಮಾತ್ರ ತೆರಿಗೆ, ಬಾಡಿಗೆಗಿದ್ದರೆ ಶೇ. 20 ಭಾಗಕ್ಕೆ. ಹಾಳೆಯನ್ನು ನಂಬದೆ ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿದರೆ ಹತ್ತು ನಿಮಿಷದ ಕೆಲಸ.

ಆಮೇಲೆ ವಿಮೆಗೆ ನಾವೇ ಕೋಟ್ ತೆಗೆಸಿದೆವು, 75 ಬಂತು. ಮ್ಯಾನೇಜ್‌ಮೆಂಟ್ ಬಾಡಿಗೆಯ ಶೇ. 10, ಅಂದರೆ 110. ವರ್ಷಕ್ಕೊಂದು ತಿಂಗಳು ಖಾಲಿ ಎಂದು 90. ರಿಪೇರಿ ಜೊತೆಗೆ ಮುಂದೆ ಬರುವ ಚಾವಣಿ, ಮನೆ ಬೆಚ್ಚಗಿಡುವ ಫರ್ನೇಸ್, ವಾಟರ್ ಹೀಟರ್ ಎಲ್ಲಕ್ಕೂ ಸೇರಿಸಿ 150. ಕೂಡಿದರೆ ಖರ್ಚು 1,140. ಹಸಿರು 227 ಹೋಗಿ ಕೆಂಪು 40 ಆಯಿತು. ಆ ಮನೆ ಬಿಟ್ಟೆವು. ಮಾರುವವರು ಮೋಸ ಮಾಡಿದರು ಎಂದೇನೂ ನಾನು ಹೇಳುವುದಿಲ್ಲ. ಅವರ ಹಾಳೆ ಮದುವೆ ಬ್ರೋಕರ್ ತರುವ ಫೋಟೋ ಇದ್ದ ಹಾಗೆ, ಸುಳ್ಳಲ್ಲ, ಒಳ್ಳೇ ಬೆಳಕಿನಲ್ಲಿ ತೆಗೆದದ್ದು.

ಕೊನೆಗೆ ಕೊಂಡದ್ದು ಊರಿನ ಪೂರ್ವಕ್ಕೆ, ವಾರೆನ್ ಟೌನ್‌ಶಿಪ್‌ನಲ್ಲಿ, 1950ರ ದಶಕದ ಇಟ್ಟಿಗೆಯ ಒಂದಂತಸ್ತಿನ ಮನೆ. 1,15,000 ಡಾಲರ್, ಬಾಡಿಗೆ 1,125, ಶೇ. 25 ಡೌನ್. ನನ್ನ ಲೆಕ್ಕದಲ್ಲಿ ತಿಂಗಳಿಗೆ 100 ಡಾಲರ್ ಉಳಿಯುತ್ತಿತ್ತು. ದೊಡ್ಡ ಮೊತ್ತವಲ್ಲ. ಆದರೆ ಅದು ನನ್ನ ಲೆಕ್ಕ.

ಸಾಲದ ಬಗ್ಗೆ ನಮ್ಮವರಿಗೆ ಗೊತ್ತಿರಬೇಕಾದ ಒಂದು ಮಾತು. ಸ್ವಂತ ವಾಸದ ಮನೆಗೆ ಊರಿಂದ ಅಪ್ಪ ಅಮ್ಮ ಕಳಿಸಿದ ದುಡ್ಡನ್ನು ಗಿಫ್ಟ್ ಎಂದು ತೋರಿಸಬಹುದು. ಬ್ಯಾಂಕುಗಳಿಂದ ಗೃಹಸಾಲ ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಸಾಲದಲ್ಲಿ ಬಾಡಿಗೆಗೆಂದು ಕೊಳ್ಳುವ ಮನೆಗೆ ಅದು ನಡೆಯುವುದಿಲ್ಲ. ಡೌನ್ ಪೇಮೆಂಟ್ ನಮ್ಮದೇ ದುಡ್ಡಾಗಿರಬೇಕು, ಅದರ ಮೇಲೆ ಆರು ತಿಂಗಳ ಕಂತಿನಷ್ಟು ಕೈಯಲ್ಲಿ ಇದೆ ಎಂದು ತೋರಿಸಬೇಕು. ಯಾರಾದರೂ ಕೇಸು ಹಾಕಿದರೆ ನಮ್ಮ ಸ್ವಂತ ಆಸ್ತಿಗೆ ಕೈ ಬೀಳದಿರಲಿ ಅಂತ ಮನೆಯನ್ನು ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿ ಹೆಸರಲ್ಲಿ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ನಡೆಸುವ ಎಲ್‌ಎಲ್‌ಸಿಗೆ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ. ನಮ್ಮ ಉಳಿತಾಯವೇ ವರ್ಷಕ್ಕೆ 1,200! ಬದಲಿಗೆ, ದೊಡ್ಡ ಪರಿಹಾರ ಕೊಡಬೇಕಾಗಿ ಬಂದರೆ ನೆರವಾಗುವ ಅಂಬ್ರೆಲಾ ವಿಮೆ ಮಾಡಿಸಿ ಸುಮ್ಮನಾದೆವು.

ರಿಪೇರಿ ಆಗಿರುವ ಮನೆಗೆ ಇನ್‌ಸ್ಪೆಕ್ಷನ್ ಯಾಕೆ ಅಂತ ಕೇಳುವವರಿದ್ದಾರೆ. ನಾವು ಕೊಟ್ಟ ದುಡ್ಡಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ. ಇನ್‌ಸ್ಪೆಕ್ಟರನ್ನು ಮಾರುವವರ ಪಟ್ಟಿಯಿಂದ ಆರಿಸಲಿಲ್ಲ. ರಿಪೋರ್ಟಿನ ಫೋಟೋಗಳಲ್ಲಿ ಮೇಲೆಲ್ಲ ಬೂದು ಬಣ್ಣ, ಹೊಸ ವಿನೈಲ್ ನೆಲ, ಫಳಫಳ. ನೆಲದ ಕೆಳಗಿನ ಕ್ರಾಲ್ ಸ್ಪೇಸ್‌ನಲ್ಲಿ ಬರೀ ಒದ್ದೆ ಮಣ್ಣು, ತೇವ ತಡೆಯುವ ಪ್ಲಾಸ್ಟಿಕ್ ಹಾಸೇ ಇಲ್ಲ. ಬಾತ್‌ರೂಮಿನ ಫ್ಯಾನ್ ಆವಿಯನ್ನು ಹೊರಗೆ ಬಿಡದೆ ಅಟ್ಟಕ್ಕೆ ಊದುತ್ತಿತ್ತು. ಸಿಂಕಿನ ಪಕ್ಕದ ಪ್ಲಗ್ಗಿಗೆ ಶಾಕ್ ತಡೆಯುವ ಜಿಎಫ್‌ಸಿಐ ಇಲ್ಲ. ಪ್ರತ್ಯೇಕ ದುಡ್ಡು ಕೊಟ್ಟು ಒಳಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಡಿಸಿದೆವು. ಆ ಕಾಲದ ಮನೆಗಳಲ್ಲಿ ಮಣ್ಣಿನ ಪೈಪು, ಜೋಡಣೆಗಳಲ್ಲಿ ಮರದ ಬೇರು ನುಗ್ಗುತ್ತದೆ. ವಿಡಿಯೋದಲ್ಲಿ ಒಂದು ಕಡೆ ಕೂದಲಿನಂಥ ಬೇರು ಕಂಡಿತು, ಪೈಪು ಒಡೆದಿರಲಿಲ್ಲ. ಪಟ್ಟಿ ಮಾಡಿ ಮಾರುವವರಿಗೆ ಕಳಿಸಿದೆವು. ಬೇರು ತೆಗೆಸಿ ಮತ್ತೆ ವಿಡಿಯೋ ಕಳಿಸಿ, ಪ್ಲಾಸ್ಟಿಕ್ ಹಾಸಿದ ಫೋಟೋ ಕಳಿಸಿ ಅಂದೆವು. ಮಾಡಿಕೊಟ್ಟರು. ಕೊಳ್ಳುವ ಮುಂಚೆ ಕೇಳಿದರೆ ಮಾಡುತ್ತಾರೆ, ಆಮೇಲೆ ಯಾರು ಫೋನ್ ಎತ್ತುತ್ತಾರೆ?

ಕ್ಲೋಸಿಂಗ್‌ಗೆ, ಅಂದರೆ ಮನೆ ನಮ್ಮ ಹೆಸರಿಗಾಗುವ ಕೊನೆಯ ಸಹಿಗೆ, ನೋಟರಿಯೇ ಮನೆಗೆ ಬಂದರು, ಡೈನಿಂಗ್ ಟೇಬಲ್ ಮೇಲೆ ಸಹಿ. ದುಡ್ಡು ವೈರ್ ಮಾಡುವ ಮುಂಚೆ ಮಾತ್ರ, ಇಮೇಲಿನಲ್ಲಿದ್ದ ನಂಬರಿಗಲ್ಲ, ನಾವೇ ಹುಡುಕಿದ ನಂಬರಿಗೆ ಟೈಟಲ್ ಕಂಪನಿಗೆ ಫೋನ್ ಮಾಡಿ ಅಕೌಂಟ್ ನಂಬರನ್ನು ಓದಿಸಿಕೊಂಡೆ. ನಕಲಿ ಇಮೇಲಿನಲ್ಲಿ ಬೇರೆ ಅಕೌಂಟ್ ಕೊಟ್ಟು ದುಡ್ಡು ಹೊಡೆಯುವುದು ಇಲ್ಲಿ ಮಾಮೂಲಿ.

ಇದೆಲ್ಲ ಒಮ್ಮೆ ಮಾಡುವ ಕೆಲಸ. ಆಮೇಲೆ ನಮ್ಮ ಕೈಯಲ್ಲಿರುವುದು ಮ್ಯಾನೇಜರ್ ಮಾತ್ರ. ಬಿಡುವಿಲ್ಲದವರು ಮನೆಗಿಂತ ಹೆಚ್ಚು ಹೊತ್ತು ಅವರ ಒಪ್ಪಂದ ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮನ್ನು ಕೇಳದೆ ಎಷ್ಟು ಡಾಲರ್ ತನಕ ರಿಪೇರಿ ಮಾಡಿಸಬಹುದು? ಪ್ಲಂಬರ್ ಬಿಲ್ಲಿನ ಮೇಲೆ ಅವರು ಎಷ್ಟು ಸೇರಿಸುತ್ತಾರೆ? ಹೊಸ ಬಾಡಿಗೆದಾರರನ್ನು ತಂದರೆ ಎಷ್ಟು, ಹಳಬರೇ ಮುಂದುವರಿದರೆ ಎಷ್ಟು? ತಡವಾದ ಬಾಡಿಗೆಯ ದಂಡ ಯಾರಿಗೆ? ಎಷ್ಟು ದಿನದ ನೋಟಿಸ್ ಕೊಟ್ಟು ಒಪ್ಪಂದದಿಂದ ಬಿಡಿಸಿಕೊಳ್ಳಬಹುದು? ಕೊನೆಯದಕ್ಕೆ ನೇರ ಉತ್ತರ ಕೊಡದ ಒಂದು ಕಂಪನಿಯನ್ನು ಅಲ್ಲಿಗೇ ಕೈಬಿಟ್ಟೆವು.

ಈಗ ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಬರುತ್ತದೆ, ನಾನು ಒಂದೊಂದು ಸಾಲೂ ಓದುತ್ತೇನೆ. "ಸಿಂಕ್ ರಿಪೇರಿ" ಎಂದು ಎರಡು ತಿಂಗಳು ಸಾಲಾಗಿ ಬಂದರೆ ಫೋಟೋ ಕೇಳುತ್ತೇನೆ. ಕೇಳುವ ಮಾಲೀಕರು ಎಂದು ಗೊತ್ತಾದ ಮೇಲೆ ಫೋಟೋ ತಾನಾಗೇ ಬರುತ್ತದೆ. ಮೊದಲ ಬಾಡಿಗೆದಾರರು ಖಾಲಿ ಮಾಡಿದ ವರ್ಷ ಬಣ್ಣ, ಕ್ಲೀನಿಂಗ್, ಹೊಸಬರನ್ನು ತಂದ ಫೀಸು ಸೇರಿ ವರ್ಷದ ಉಳಿತಾಯ ಅಷ್ಟೂ ಹೋಯಿತು. ಲೆಕ್ಕದಲ್ಲಿ ಎತ್ತಿಟ್ಟ ದುಡ್ಡು ಇದ್ದದ್ದರಿಂದ ನಮ್ಮ ಸಂಬಳಕ್ಕೆ ಕೈ ಹಾಕಬೇಕಾಗಲಿಲ್ಲ. ಅದು ಜನವರಿ ಬೇರೆ. ಖಾಲಿ ಮನೆಯಲ್ಲಿ ಹೀಟರ್ ಆರಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಗ್ಯಾಸ್, ಕರೆಂಟು ನಮ್ಮ ಹೆಸರಿಗೆ ಬದಲಾಯಿತೇ, ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇದೆಯೇ ಎಂದು ಫೋನ್ ಮಾಡಿ ಕೇಳಿದ್ದೆ.

ತೆರಿಗೆ ಉಳಿಯುತ್ತದೆ ಎಂಬ ಆಸೆಯೂ ಅಳತೆಯಲ್ಲಿರಲಿ. ನೆಲ ಬಿಟ್ಟು ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ ಸವಕಳಿ (ಕಟ್ಟಡ ಹಳತಾಗುವ ಖರ್ಚು) ತೋರಿಸಬಹುದು, ನಿಜ. ಅದರಿಂದ ಬಾಡಿಗೆ ಆದಾಯಕ್ಕೆ ತೆರಿಗೆ ಬೀಳಲಿಲ್ಲ. ಆದರೆ ಆದಾಯ 1,50,000 ಡಾಲರ್ ದಾಟಿದ ನಮ್ಮಂಥ ಸಂಬಳದವರು ಬಾಡಿಗೆಯ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಗಳಿಗೆ ಎಳೆದುಕೊಂಡು ಹೋಗಬೇಕು. ಲಾಭಕ್ಕೆ ಮಾರುವಾಗ, ಹೀಗೆ ತೋರಿಸಿದ ಸವಕಳಿಯ ಮೇಲೆ ಶೇ. 25ರ ತನಕ ತೆರಿಗೆ ನಾವು ಕಟ್ಟಬೇಕಾಗುತ್ತದೆ.

ಈಚೆಗೆ ಗೆಳತಿಯೊಬ್ಬಳು ಒಂದು ಹಾಳೆ ಕಳಿಸಿ ನೋಡಲು ಹೇಳಿದಳು. ಮನೆ 2 ಲಕ್ಷ, ಬಾಡಿಗೆ 1,500, ಬಡ್ಡಿ ಶೇ. 7.5. ಶೇ. 25 ಡೌನ್ ಕಟ್ಟಿದರೂ ಕಂತೇ 1,049. ಮಿಕ್ಕ ಸಾಲುಗಳನ್ನು ನನ್ನ ಲೆಕ್ಕದಲ್ಲಿ ತುಂಬಿದರೆ ತಿಂಗಳಿಗೆ 390 ಡಾಲರ್ ಕೈಯಿಂದ ಹಾಕಬೇಕು. "ಶೇ. 40 ಡೌನ್ ಕಟ್ಟಿದರೆ?" ಅಂದಳು. ಹಾಕಿ ನೋಡಿದೆವು, ಆಗಲೂ 180ರಷ್ಟು ಕಮ್ಮಿ. ಸದ್ಯಕ್ಕೆ ಆ ದುಡ್ಡು ಷೇರು ಮಾರುಕಟ್ಟೆಯ ಇಂಡೆಕ್ಸ್ ಫಂಡಿನಲ್ಲೇ ಇರಲಿ ಕಣೇ ಅಂದೆ.