ಕುದುರೆಮುಖ ಹತ್ತಿ ಇಳಿಯುವ ಲೆಕ್ಕ

ಕುದುರೆಮುಖಕ್ಕೆ ಹೊರಟವರು ಮೊದಲು ಕೇಳುವುದು ‘ಹತ್ತೋದು ತುಂಬಾ ಕಷ್ಟನಾ?’ ಅಂತ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿ.ಮೀ. ಶಿಖರದ ಎತ್ತರ 1,894 ಮೀಟರ್. ಮುಳ್ಳೋಡಿಯೇ ಸಾಕಷ್ಟು ಎತ್ತರದಲ್ಲಿರುವುದರಿಂದ ನಾವು ಕಾಲಲ್ಲಿ ಏರುವುದು 900 ಮೀಟರಿನ ಆಸುಪಾಸು. ದಿನಾ ಒಂದು ಗಂಟೆ ಬಿರುಸಾಗಿ ನಡೆಯುವ ರೂಢಿ ಇದ್ದವರಿಗೆ ಇದು ಆಗದ ಕೆಲಸವೇನಲ್ಲ. ಜನ ಸೋಲುವುದು ಬೇರೆ ಎರಡು ಕಡೆ: ಬೆಳಿಗ್ಗೆ ತಡವಾಗಿ ಹೊರಡುವುದರಲ್ಲಿ, ಮಧ್ಯಾಹ್ನದ ಮೇಲೆ ಇಳಿಯುವುದರಲ್ಲಿ. ಹಾಗಾಗಿ ನಾನು ದಿನದ ಲೆಕ್ಕವನ್ನು ಸಂಜೆ ಜೀಪು ಹತ್ತುವ ಹೊತ್ತಿನಿಂದ ಶುರುಮಾಡಿ ಹಿಂದಕ್ಕೆ ಹಾಕುತ್ತೇನೆ.

ಅದಕ್ಕೂ ಮೊದಲು ಟಿಕೆಟ್. 2024ರಿಂದ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾದಿರಿಸಬೇಕು, ದಿನಕ್ಕೆ 300 ಜನರಿಗಷ್ಟೇ ಅವಕಾಶ. ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ. ಮಂಗಳವಾರ, ಬುಧವಾರ ರಜೆ ಹಾಕಿ ಹೋಗುವುದೇ ಜಾಣತನ. ಟಿಕೆಟ್ ಸಿಗುತ್ತದೆ ಎನ್ನುವುದಕ್ಕಿಂತ, ಮಣ್ಣಿನ ಏರಿನಲ್ಲಿ ಮುಂದಿನವರು ಜಾರುವುದನ್ನು ನೋಡುತ್ತಾ ಸಾಲಿನಲ್ಲಿ ನಿಲ್ಲುವ ಪಾಡು ತಪ್ಪುತ್ತದೆ. ಟಿಕೆಟ್ಟಿನಲ್ಲಿರುವ ಹೆಸರಿಗೂ ಕೈಯಲ್ಲಿರುವ ಗುರುತಿನ ಚೀಟಿಗೂ ತಾಳೆಯಾಗಬೇಕು. ಗೆಳೆಯನ ಬದಲು ಅವನ ತಮ್ಮನನ್ನು ಕರೆದುಕೊಂಡು ಹೋದರೆ ತಪಾಸಣೆ ಜಾಗದಿಂದಲೇ ವಾಪಸ್. ಟಿಕೆಟ್ ಮುದ್ರಿಸಿಕೊಂಡೇ ಹೋಗಿ. ಮುಳ್ಳೋಡಿಗೆ ಮುಂಚೆ ಸಿಗುವ ಸಂಸೆ ಊರು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಬಂದಾಗ ಇಲಾಖೆ ದಾರಿ ಮುಚ್ಚುತ್ತದೆ, ಮಳೆ ಅತಿಯಾದಾಗಲೂ ಮುಚ್ಚುವುದುಂಟು. ಕೋಣೆ, ಬಸ್ಸು ಎಲ್ಲಕ್ಕಿಂತ ಮೊದಲು ಆ ತಾರೀಖಿಗೆ ಪ್ರವೇಶ ಇದೆಯೇ ನೋಡಿ.

ಯಾವಾಗ ಹೋಗಬೇಕು ಎನ್ನುವುದು ಏನು ನೋಡಬೇಕು ಎಂಬುದರ ಮೇಲೆ ನಿಂತಿದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಜೂನ್‌ನಿಂದ ಆಗಸ್ಟ್‌ವರೆಗೆ ಹಸಿರು ಕಣ್ಣು ತುಂಬುತ್ತದೆ ನಿಜ, ಆದರೆ ಶಿಖರದ ಮೇಲೆ ನಿಂತರೆ ಎದುರಿಗಿರುವುದು ಬಿಳಿ ಮಂಜಿನ ಗೋಡೆ. ಪಟ ತೆಗೆಯಲು ಬಂದವರು ಸಪ್ಪೆ ಮುಖ ಮಾಡಿಕೊಂಡು ಇಳಿಯುವುದು ಈ ತಿಂಗಳುಗಳಲ್ಲೇ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಹುಲ್ಲು ಇನ್ನೂ ಹಸಿರಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಪಡುವಣಕ್ಕೆ ಬೆಳ್ತಂಗಡಿ ಕಡೆಯ ಬಯಲು ಕಾಣುತ್ತದೆ. ಅಕ್ಟೋಬರಿನಲ್ಲಿ ಮಾತ್ರ ಒಂದು ಎಚ್ಚರ: ಬೆಳಿಗ್ಗೆ ಬೋಳು ಆಕಾಶ ಇದ್ದರೂ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಎದ್ದೇಳುತ್ತದೆ. ಮರವಿಲ್ಲದ ದಿಣ್ಣೆಯ ಮೇಲೆ ಆಗ ಎತ್ತರದ ವಸ್ತು ಎಂದರೆ ನೀವೇ.

ಬೆಂಗಳೂರಿನಿಂದ ಬರುವವರು ಹೊರನಾಡಿನ ರಾತ್ರಿ ಬಸ್ಸು ಹಿಡಿದು ಕಳಸದಲ್ಲಿ ಇಳಿಯಬಹುದು. ಆದರೆ ರಾತ್ರಿಯೆಲ್ಲ ಘಾಟಿಯ ತಿರುವುಗಳಲ್ಲಿ ಕುಲುಕಿ ಬಂದು ಬೆಳಿಗ್ಗೆಯೇ ಬೆಟ್ಟ ಹತ್ತುವುದನ್ನು ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟ ಕಾಲು ಏರಿನಲ್ಲಿ ಗೊತ್ತಾಗುವುದಿಲ್ಲ, ಇಳಿಯುವಾಗ ಮೊಣಕಾಲು ನಡುಗುತ್ತದೆ. ಹಿಂದಿನ ದಿನವೇ ಬಂದು ಸಂಸೆ ಅಥವಾ ಮುಳ್ಳೋಡಿಯ ಹೋಮ್‌ಸ್ಟೇಯಲ್ಲಿ ಉಳಿಯುವುದು ಒಳ್ಳೆಯದು. ಮುಳ್ಳೋಡಿವರೆಗಿನ ಕೊನೆಯ ಕೆಲವು ಕಿಲೋಮೀಟರ್ ಕಲ್ಲು, ಕೊರಕಲಿನ ದಾರಿ. ಅಲ್ಲಿಗೆ ಊರಿನ ಜೀಪೇ ಬೇಕು, ಕಾರು ಇಳಿಸಿದರೆ ಅಡಿಭಾಗ ಕಲ್ಲಿಗೆ ಉಜ್ಜುತ್ತದೆ. ಜೀಪಿನ ಬಾಡಿಗೆ ತಲೆಗೋ ಗಾಡಿಗೋ, ಒಂದು ಕಡೆಗೋ ಎರಡೂ ಕಡೆಗೋ ಎಂಬುದನ್ನು ರಾತ್ರಿಯೇ ಮಾತಾಡಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಮನೆ ಮುಂದೆ ಜೀಪು ಬೇಕು ಎಂದು ಒತ್ತಿ ಹೇಳಿ. ‘ಏಳಕ್ಕೆ ಬರ್ತೀನಿ ಸಾರ್’ ಎಂದರೆ ಒಪ್ಪಬೇಡಿ. ಕಾರ್ಕಳದ ಕಡೆಯಿಂದ ರಾಷ್ಟ್ರೀಯ ಉದ್ಯಾನದ ಒಳಗೆ ಬರುವವರು ದಾರಿಯಲ್ಲಿ ಗಾಡಿ ನಿಲ್ಲಿಸುವ ಆಸೆ ಬಿಡಬೇಕು, ಗೇಟಿನಲ್ಲಿ ಹೊತ್ತು ಬರೆದುಕೊಂಡೇ ಬಿಡುತ್ತಾರೆ.

ಈಗ ಗಡಿಯಾರ. ಸಂಜೆ ಆರರೊಳಗೆ ಕಾಡಿನಿಂದ ಹೊರಗಿರಬೇಕು. ನಾನು ಇಟ್ಟುಕೊಳ್ಳುವ ಗಡುವು ಐದು ಗಂಟೆ, ಉಳಿದ ಒಂದು ಗಂಟೆ ಕಾಲು ಉಳುಕಿದವರಿಗೆ. ಇಳಿಯಲು ಮೂರೂವರೆ ಗಂಟೆ, ಮಳೆ ಬಂದರೆ ನಾಲ್ಕು. ಅಂದರೆ ಮಧ್ಯಾಹ್ನ ಒಂದಕ್ಕೆ ಶಿಖರ ಬಿಡಲೇಬೇಕು. ಹತ್ತಲು ನಾಲ್ಕರಿಂದ ನಾಲ್ಕೂವರೆ ಗಂಟೆ, ಮೇಲೆ ಅರ್ಧ ಗಂಟೆಯ ಊಟ. ಹಿಂದಕ್ಕೆ ಎಣಿಸಿದರೆ ಎಂಟು ಗಂಟೆ ಬರುತ್ತದೆ; ದಾರಿಯಲ್ಲಿ ನಿಲ್ಲುವ ಹೊತ್ತನ್ನೂ ಸೇರಿಸಿ ಮುಳ್ಳೋಡಿಯಿಂದ ಏಳು, ಹೆಚ್ಚೆಂದರೆ ಏಳೂವರೆಗೆ ಹೆಜ್ಜೆ ಎತ್ತಬೇಕು. ಹನ್ನೆರಡೂವರೆ ಆದರೂ ಶಿಖರದ ಹತ್ತಿರದ ಪಾಳುಬಿದ್ದ ಚರ್ಚಿನ ಗೋಡೆ ಕಾಣದಿದ್ದರೆ ಅಲ್ಲಿಂದಲೇ ತಿರುಗುವುದು. ‘ಇನ್ನು ಸ್ವಲ್ಪವೇ’ ಎನ್ನುವ ಮಾತಿಗೆ ಈ ಬೆಟ್ಟದಲ್ಲಿ ಬೆಲೆಯಿಲ್ಲ. ಒಂದು ದಿಣ್ಣೆ ಹತ್ತಿದ ಮೇಲೆ ಹಿಂದೆ ಇನ್ನೊಂದು ನಿಂತಿರುತ್ತದೆ, ಮಂಜಿನಲ್ಲಂತೂ ಯಾವುದು ಕೊನೆಯದೋ ತಿಳಿಯುವುದಿಲ್ಲ. ಗುಂಪಿನಲ್ಲಿ ಅತಿ ನಿಧಾನದವರನ್ನು ಮುಂದೆ ಬಿಡಿ. ಅವರನ್ನು ಹಿಂದೆ ಬಿಟ್ಟರೆ, ಮುಂದಿನವರು ಕೂತು ಸುಧಾರಿಸಿಕೊಂಡು ಎದ್ದು ಹೊರಡುವ ಹೊತ್ತಿಗೆ ಇವರು ಬಂದು ಮುಟ್ಟುತ್ತಾರೆ. ಇವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ.

ದಾರಿ ಸರಳ, ಕವಲು ಕಡಿಮೆ. ಮೊದಲ ಭಾಗ ಕಾಡು, ಹುಲ್ಲುಗುಡ್ಡ, ಹಳ್ಳ ಹೀಗೆ ಬದಲಾಗುತ್ತಾ ಒಂಟಿ ಮರದವರೆಗೆ ಏರುತ್ತದೆ. ಅಲ್ಲಿ ಎಲ್ಲರೂ ಪಟ ತೆಗೆಸಿಕೊಳ್ಳುತ್ತಾರೆ. ಹತ್ತು ನಿಮಿಷ ಸಾಕು. ಮುಂದೆ ಲೋಬೋ ಮನೆ ಎನ್ನುವ ಸಮತಟ್ಟು ಜಾಗ. ನಿಜವಾದ ಏರು ಅದರಾಚೆ. ಎರಡೂ ಬದಿ ಹುಲ್ಲು, ನಡುವೆ ಕೊರೆದು ಹೋದ ಕೆಮ್ಮಣ್ಣಿನ ಓಣಿ. ಇಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿ: ಮರಗಳಿರುವುದು ಮಡಿಕೆಗಳಲ್ಲಿ ಮಾತ್ರ, ದಿಣ್ಣೆಗಳೆಲ್ಲ ಬೋಳು. ಗಾಳಿಯ ಹೊಡೆತವಿಲ್ಲದ, ಮಣ್ಣು ಆಳವಾಗಿರುವ, ತೇವ ನಿಲ್ಲುವ ಕಣಿವೆಗಳಲ್ಲಿ ಶೋಲಾ ಕಾಡು ಹಿಡಿದುಕೊಳ್ಳುತ್ತದೆ. ಉಳಿದದ್ದು ಹುಲ್ಲಿನ ಪಾಲು. ಅದು ಯಾರೋ ಕಡಿದು ಬೋಳಾದ ಗುಡ್ಡವಲ್ಲ. ಕೊನೆಗೆ ಚರ್ಚಿನ ಪಾಳುಗೋಡೆ, ಆಮೇಲೆ ಒಂದು ಸಣ್ಣ ಶೋಲಾದೊಳಗಿನ ನೀರಿನ ಒರತೆ, ಅದು ದಾಟಿದರೆ ಶಿಖರ. ಬಾಟಲಿ ಇಳಿಯುವ ದಾರಿಗೆ ಇಲ್ಲೇ ತುಂಬಿಸಿಕೊಳ್ಳಿ. ನಾನು ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯುತ್ತೇನೆ. ಮೇಲಿನ ನೀರು ಶುದ್ಧ ಎಂದು ಹಲವರು ವಾದಿಸುತ್ತಾರೆ, ಆದರೆ ಅದಕ್ಕಿಂತ ಮೇಲೆ ಕಡವೆ, ಕಾಟಿ (ಕಾಡುಕೋಣ) ಓಡಾಡುತ್ತವೆ.

ಇಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯಕ್ಕೆ ಬರೋಣ. ಮಳೆ ಶುರುವಾದಂದಿನಿಂದ ನವೆಂಬರಿನವರೆಗೂ ಇವು ಇರುತ್ತವೆ; ಬಿಸಿಲಿನ ಹುಲ್ಲಿಗಿಂತ ಕಾಡಿನ ನೆರಳಿನ ತರಗೆಲೆಯಲ್ಲಿ ಜಾಸ್ತಿ. ಕಾಲುಚೀಲಕ್ಕೆ ಉಪ್ಪು ಸವರಿಕೊಂಡು ಬರುವವರನ್ನು ಪ್ರತಿ ಮಳೆಗಾಲವೂ ನೋಡುತ್ತೇನೆ. ಮೊದಲ ಹಳ್ಳ ದಾಟುವಷ್ಟರಲ್ಲಿ ಉಪ್ಪು ಕರಗಿ ಹೋಗಿರುತ್ತದೆ, ಮಿಕ್ಕಿದ್ದು ಚರ್ಮ ಉಜ್ಜಿ ಗಾಯ ಮಾಡುತ್ತದೆ. ಕೆಲಸಕ್ಕೆ ಬರುವುದು ಎಣ್ಣೆ. ಅರ್ಧ ಲೋಟ ಬೇವಿನ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ ಎರಡು ಚಮಚ ನಶ್ಯದ ಪುಡಿ ಕಲಸಿ ಪಾದದಿಂದ ಮೊಣಕಾಲಿನವರೆಗೆ ಹಚ್ಚಿ, ಕಾಲುಚೀಲದ ಮೇಲೂ ಸವರಿ. ನೀರಿಗೆ ಬೇಗ ತೊಳೆದು ಹೋಗುವುದಿಲ್ಲ. ಆದರೂ ಲೋಬೋ ಮನೆಯಲ್ಲಿ ಇನ್ನೊಮ್ಮೆ ಹಚ್ಚಬೇಕು. ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯ, ಮೊಣಕಾಲವರೆಗಿನ ಲೀಚ್ ಸಾಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಮಾಮೂಲಿ ಕಾಲುಚೀಲದ ಮೇಲೆ, ಪ್ಯಾಂಟನ್ನು ಒಳಗೆ ಸೇರಿಸಿ ಕಟ್ಟಿಕೊಳ್ಳಬೇಕು. ಉಪ್ಪಿಗೂ ಒಂದು ಕೆಲಸ ಇದೆ: ಒಂದು ಹಿಡಿ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಊರುಗೋಲಿನ ತುದಿಗೆ ಬಿಗಿದು, ನೀರಿನಲ್ಲಿ ಅದ್ದಿ, ಶೂ ಮೇಲೆ ಏರುತ್ತಿರುವ ಇಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ಬಗ್ಗಬೇಕಿಲ್ಲ, ನಿಲ್ಲಬೇಕಿಲ್ಲ.

ಕಚ್ಚಿದ್ದನ್ನು ಜಗ್ಗಿ ಎಳೆಯಬೇಡಿ, ಬೆಂಕಿ ತೋರಿಸಬೇಡಿ. ಅದರ ಸಪೂರ ತುದಿ ಬಾಯಿ. ಅಲ್ಲಿ ಚರ್ಮಕ್ಕೆ ಒತ್ತಿ ಉಗುರನ್ನು ಅಡ್ಡಕ್ಕೆ ಜಾರಿಸಿದರೆ ಹಿಡಿತ ಬಿಡುತ್ತದೆ, ಆಮೇಲೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರ ಚಿಮ್ಮಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ, ಹಾಗಾಗಿ ಗಾಯ ಸಣ್ಣದಾದರೂ ರಕ್ತ ಬಹಳ ಹೊತ್ತು ಜಿನುಗುತ್ತದೆ. ಗಾಬರಿ ಬೇಡ, ತೊಳೆದು, ಚೊಕ್ಕ ಹತ್ತಿ ಇಟ್ಟು ಬೆರಳಿನಿಂದ ಐದು ನಿಮಿಷ ಒತ್ತಿಹಿಡಿದು ಪಟ್ಟಿ ಹಾಕಿದರೆ ಮುಗಿಯಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆಗಾಲದಲ್ಲಿ ಬರುವ ಮುಂಚೆ ವೈದ್ಯರನ್ನು ಕೇಳಬೇಕು.

ಹಳ್ಳ ದಾಟುವಾಗ ಕಲ್ಲಿನಿಂದ ಕಲ್ಲಿಗೆ ನೆಗೆಯುವ ಚಪಲ ಎಲ್ಲರಿಗೂ. ಆ ಕಲ್ಲುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಇರುತ್ತದೆ. ಶೂ ಒದ್ದೆಯಾದರೆ ಆಗಲಿ, ಕಲ್ಲುಗಳ ನಡುವೆ ನೀರಿನೊಳಗೇ ಕಾಲಿಡಿ. ತಳದ ಜಲ್ಲಿ ಹಿಡಿತ ಕೊಡುತ್ತದೆ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ, ಅಡ್ಡಡ್ಡ ಹೆಜ್ಜೆ ಹಾಕಬೇಕು. ಚೀಲದ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚುವಂತಿರಲಿ. ತಿಳಿಯಾಗಿದ್ದ ನೀರು ಕೆಂಪಗಾಗಿ ಎಲೆ, ಕಡ್ಡಿ ತೇಲಿಸಿಕೊಂಡು ಬಂದರೆ ಮೇಲೆ ಎಲ್ಲೋ ಮಳೆ ಹೊಡೆದಿದೆ ಎಂದೇ ಅರ್ಥ. ಮೊಣಕಾಲು ಮೀರಿದ ಕೆಂಪು ನೀರಿಗೆ ಇಳಿಯದೆ ದಡದಲ್ಲೇ ಕಾಯಬೇಕು. ಐದು ಗಂಟೆಯ ಗಡುವಿನ ಆಚೆ ಉಳಿಸಿಕೊಂಡ ಆ ಒಂದು ಗಂಟೆ ಇದಕ್ಕೂ ಬೇಕಾಗುತ್ತದೆ.

ಇಳಿಜಾರಿನಲ್ಲಿ ಏಟು ಬೀಳುವುದು ಹೆಬ್ಬೆರಳಿಗೆ. ಪಾದ ಶೂ ಒಳಗೆ ಮುಂದಕ್ಕೆ ಜಾರಿ, ಪ್ರತಿ ಹೆಜ್ಜೆಗೂ ಉಗುರು ಮೂತಿಗೆ ಬಡಿದು ಸಂಜೆಗೆ ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಿ. ಅರ್ಧ ಅಳತೆ ದೊಡ್ಡ ಶೂ ಇರಲಿ. ಇಳಿಯುವ ಮುನ್ನ ಲೇಸು ಬಿಚ್ಚಿ ಹೊಸದಾಗಿ ಕಟ್ಟಬೇಕು: ಮೇಲಿನ ಎರಡು ತೂತುಗಳ ನಡುವೆ ಅದೇ ಬದಿಯಲ್ಲಿ ಲೇಸನ್ನು ಪೋಣಿಸಿ ಒಂದು ಕುಣಿಕೆ ಬಿಡಿ, ಎದುರು ಬದಿಯಲ್ಲೂ ಹಾಗೇ, ಆಮೇಲೆ ಎಡದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ ಹಿಂದಕ್ಕೆ ಎಳೆದು ಬಿಗಿಯಿರಿ. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಬೆರಳು ಮೂತಿಗೆ ತಾಗುವುದಿಲ್ಲ. ಒದ್ದೆ ಕಾಲುಚೀಲ ತೆಗೆದು ಒಣಗಿದ್ದು ಹಾಕುವುದೂ ಇದೇ ಹೊತ್ತಿನಲ್ಲಿ. ಅರ್ಧ ಗಂಟೆಯಲ್ಲಿ ಅದೂ ನೆನೆಯಬಹುದು, ಆದರೂ ನೆನೆದು ಮೆತ್ತಗಾದ ಪಾದಕ್ಕೆ ಗುಳ್ಳೆ ಏಳುವುದು ಅಷ್ಟು ಮುಂದೆ ಹೋಗುತ್ತದೆ.

ಜಾರುವ ಕೆಮ್ಮಣ್ಣಿನಲ್ಲಿ ಹಿಮ್ಮಡಿ ಊರಿ ಹಿಂದಕ್ಕೆ ವಾಲುವವರೇ ಮೊದಲು ಕೂರುವುದು. ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದ ಅಡ್ಡ ತಿರುಗಿಸಿ, ಗೇಣುದ್ದದ ಹೆಜ್ಜೆ ಹಾಕಿ. ಮಣ್ಣು ಬೇಡವೆಂದು ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ಮಾಡುವುದು ಬೇಡ. ಅದೇ ಮುಂದಿನ ಮಳೆಗೆ ಇನ್ನೊಂದು ಕೊರಕಲಾಗುತ್ತದೆ, ಈಗಿರುವ ಓಣಿಗಳೂ ಹಾಗೆ ಹುಟ್ಟಿದವೇ. ಸವೆದ ಸೋಲಿನ ಓಡುವ ಶೂಗಿಂತ ಊರಿನವರು ಹಾಕುವ ಮುಳ್ಳಿನ ರಬ್ಬರ್ ಶೂ ಮೇಲು. ದುಬಾರಿ ಟ್ರೆಕ್ಕಿಂಗ್ ಶೂ ಬೇಕೇಬೇಕೆಂದಿಲ್ಲ.

ಚೀಲದಲ್ಲಿ ಹೆಚ್ಚೇನೂ ಬೇಡ: ಎರಡು ಲೀಟರ್ ನೀರಿನ ಬಾಟಲಿ, ಓಆರ್‌ಎಸ್ ಎರಡು ಪೊಟ್ಟಣ, ಟಾರ್ಚು, ಮೈಗೆ ಅಂಟುವ ತೋಳಿನ ಮಳೆ ಅಂಗಿ. ದಿಣ್ಣೆಯ ಗಾಳಿಗೆ ಛತ್ರಿ ಮಗುಚಿಕೊಳ್ಳುತ್ತದೆ, ಪಾಂಚೋ ಮುಖಕ್ಕೆ ಬಡಿಯುತ್ತದೆ. ನೀರು ಹೋಗದ ಚೀಲದಲ್ಲಿ ಒಂದು ಒಣ ಬನಿಯನ್ ಇಟ್ಟಿರಿ. ಬೆವರಿ ನೆಂದ ಮೈಗೆ ಶಿಖರದ ಗಾಳಿ ತಾಗಿದರೆ ಹತ್ತು ನಿಮಿಷದಲ್ಲಿ ನಡುಕ ಹಿಡಿಯುತ್ತದೆ. ಊಟಕ್ಕೆ ಹೋಮ್‌ಸ್ಟೇಯವರನ್ನು ಬಾಳೆಎಲೆಯಲ್ಲಿ ಚಿತ್ರಾನ್ನ ಕಟ್ಟಿಕೊಡಲು ಕೇಳಿ. ಪ್ಲಾಸ್ಟಿಕ್ ಪೊಟ್ಟಣಗಳನ್ನು ತಪಾಸಣೆಯಲ್ಲಿ ತೆಗೆಸುತ್ತಾರೆ, ಚೀಲವೆಲ್ಲ ಬಿಚ್ಚಿ ಕಟ್ಟುವುದರಲ್ಲಿ ಬೆಳಗಿನ ಕಾಲು ಗಂಟೆ ಹೋಗುತ್ತದೆ. ಕಾಟಿ ಎದುರಾದರೆ ನಿಂತು, ಅದು ದಾರಿ ಬಿಡುವವರೆಗೆ ಸುಮ್ಮನಿರಿ. ಕೂಗುವುದು, ಸುತ್ತುವರಿಯುವುದು ಬೇಡ.

ಜೀಪು ಹತ್ತುವ ಮುನ್ನ ಶೂ ಬಿಚ್ಚಿ ಬೆರಳ ಸಂದು, ಶೂ ನಾಲಿಗೆಯ ಅಡಿ, ಸೊಂಟದ ಪಟ್ಟಿಯ ಸುತ್ತ ನೋಡಿಕೊಳ್ಳಿ, ಉಳಿದ ಇಂಬಳ ಅಡಗುವುದು ಅಲ್ಲೇ. ಮರುದಿನಕ್ಕೆ ಹನುಮನಗುಂಡಿ ಜಲಪಾತ ಇಟ್ಟುಕೊಳ್ಳುವವರು ಬಹಳ. ಅಲ್ಲಿ ಇಳಿದು ಹತ್ತಲು ಸಾಲು ಮೆಟ್ಟಿಲುಗಳಿವೆ, ಕುದುರೆಮುಖ ಇಳಿದ ತೊಡೆಗೆ ಮಾರನೇ ದಿನ ಅದು ಶಿಕ್ಷೆಯೇ. ಅದನ್ನು ಬೆಟ್ಟ ಹತ್ತುವ ಹಿಂದಿನ ದಿನ, ಊರಿಗೆ ಬರುವಾಗಲೇ ಮುಗಿಸಿ. ಮೊದಲ ಸಲ ಬೆಟ್ಟ ಹತ್ತುವವರಿಗೆ ಕುದುರೆಮುಖಕ್ಕಿಂತ ಇದೇ ಸೀಮೆಯ ಕುರಿಂಜಾಲು ಬೆಟ್ಟ ಸರಿ; ಅದೇ ಹುಲ್ಲು, ಅದೇ ಶೋಲಾ, ನಡಿಗೆ ಬಹಳ ಕಡಿಮೆ.