13 ಕುದುರೆಗಳ ಕೊಟೊ: ಸಿತಾರದ ಕಿವಿಯವರಿಗೆ ಮುಕ್ತವಾದನದ ಕ್ರಮ

ಸಿತಾರ್ ವಾದಕ ರಹಿಮತ್ ಖಾನರ ಕಾಲದಿಂದ ಅವರ ಮೊಮ್ಮಗ ಬಾಲೇಖಾನರವರೆಗೆ ಧಾರವಾಡದ ಕಿವಿಗೆ ತಂತಿವಾದ್ಯವೆಂದರೆ ಸಿತಾರವೇ. ಅದೇ ಕಿವಿಯನ್ನು ಹೊತ್ತುಕೊಂಡು ಜಪಾನಿನ ಕೊಟೊದ ಮುಂದೆ ಕುಳಿತು, ಸಾಂಪ್ರದಾಯಿಕ ಕೃತಿಗಳನ್ನಲ್ಲದೆ ಮುಂಚೆಯೇ ಏನನ್ನೂ ಗೊತ್ತುಮಾಡಿಕೊಳ್ಳದ ಪ್ರಯೋಗದ ವಾದನವನ್ನು, ಅಂದರೆ ಮುಕ್ತವಾದನವನ್ನು, ಕೈಗೊಳ್ಳಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಪಾನಿನಲ್ಲಿ ಕೆಲಸಕ್ಕಿದ್ದ ಸೋದರಸೊಸೆಯೊಬ್ಬಳು ಮರಳುವಾಗ ತಂದ ಹಳೆಯ ಕೊಟೊ ನಮ್ಮ ಸಪ್ತಾಪುರದ ಮನೆಯಲ್ಲಿದೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ಅದರ ಮೇಲೆ ತಪ್ಪು ಮಾಡುತ್ತ ತಿಳಿದುಕೊಂಡದ್ದು.

ಕೊಟೊ ಸುಮಾರು 180 ಸೆಂಟಿಮೀಟರ್ ಉದ್ದದ, ಕಿರಿ ಎಂಬ ಹಗುರ ಮರದ ವಾದ್ಯ. ಇದರ 13 ತಂತಿಗಳೂ ಒಂದೇ ದಪ್ಪದವು, ಹೆಚ್ಚುಕಡಿಮೆ ಒಂದೇ ಬಿಗಿತದವು. ಸ್ವರಭೇದವನ್ನು ಉಂಟುಮಾಡುವುದು ಪ್ರತಿಯೊಂದು ತಂತಿಯ ಕೆಳಗೆ ನಿಲ್ಲಿಸುವ, ಅಂಟಿಸದ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಆಸರೆ. ಜಪಾನಿನವರು ಅದನ್ನು ‘ಜಿ’ ಎನ್ನುತ್ತಾರೆ. ಕುದುರೆಯನ್ನು ಬಲಕ್ಕೆ ಸರಿಸಿದರೆ ನುಡಿಯುವ ಭಾಗ ಕಿರಿದಾಗಿ ಸ್ವರ ಏರುತ್ತದೆ, ಎಡಕ್ಕೆ ಸರಿಸಿದರೆ ಇಳಿಯುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ‘ತ್ಸುಮೆ’ ಎಂಬ ಉಗುರುಗಳನ್ನು ತೊಡಬೇಕು. ಇಕುತಾ ಎಂಬ ಕೊಟೊವಾದನ ಪರಂಪರೆಯ ಉಗುರು ಚೌಕಾಕಾರದ್ದಾದ್ದರಿಂದ ಅದರ ಮೂಲೆ ತಂತಿಗೆ ತಾಗುವಂತೆ ತುಸು ಓರೆಯಾಗಿ ಕುಳಿತುಕೊಳ್ಳಬೇಕಾಗುತ್ತದೆ. ನಾದರಂಧ್ರಗಳು ವಾದ್ಯದ ತಳದಲ್ಲಿವೆ. ನಾನು ಮೊದಲ ತಿಂಗಳು ಕೊಟೊವನ್ನು ನವಲಗುಂದದ ದಪ್ಪ ಜಮಖಾನೆಯ ಮೇಲೆ ಹಾಗೆಯೇ ಮಲಗಿಸಿ, ನಾದ ಇಷ್ಟು ಮಂದವೇಕೆಂದು ತಂತಿಗಳನ್ನೇ ಶಂಕಿಸುತ್ತಿದ್ದೆ. ಎರಡು ಮಣೆಗಳ ಮೇಲೇರಿಸಿ, ಕೆಳಗೆ ಬರಿಯ ಕಡಪಾ ಕಲ್ಲು ಇರುವಂತೆ ಇಟ್ಟೊಡನೆ ದನಿ ಬಿಚ್ಚಿಕೊಂಡಿತು.

ಮೊದಲು ಹಿರಾಜೋಶಿ ಎಂಬ ಪ್ರಸಿದ್ಧ ಶ್ರುತಿಕ್ರಮಕ್ಕೆ ಕೂಡಿಸಿಕೊಳ್ಳಿ. 17ನೆಯ ಶತಮಾನದ ಕೊಟೊವಾದಕ ಯಾತ್ಸುಹಾಶಿ ಕೆಂಗ್ಯೊ ಅವರ ಹೆಸರಿನೊಂದಿಗೆ ಬಂದಿರುವ ಈ ಕ್ರಮದಲ್ಲಿ, ನಿಮ್ಮಿಂದ ಅತ್ಯಂತ ದೂರದ ತಂತಿಯನ್ನು ಒಂದೆಂದು ಎಣಿಸಿ, ಐದನೆಯದನ್ನು ಷಡ್ಜವೆಂದು ಹಿಡಿದರೆ ಆರು ಕೋಮಲ ರಿಷಭ, ಏಳು ಶುದ್ಧ ಮಧ್ಯಮ, ಎಂಟು ಪಂಚಮ, ಒಂಬತ್ತು ಕೋಮಲ ಧೈವತ, ಹತ್ತು ತಾರಷಡ್ಜ. ಹನ್ನೊಂದರಿಂದ ಹದಿಮೂರರವರೆಗೆ ಅದೇ ರಿಷಭ, ಮಧ್ಯಮ, ಪಂಚಮಗಳು ತಾರದಲ್ಲಿ ಬರುತ್ತವೆ. ಎರಡು, ಮೂರು, ನಾಲ್ಕನೆಯವು ಮಂದ್ರದ ಮಧ್ಯಮ, ಪಂಚಮ, ಕೋಮಲ ಧೈವತಗಳು. ಒಂದನೆಯದನ್ನು ಐದನೆಯದಕ್ಕೇ ಕೂಡಿಸುವುದೂ ಉಂಟು, ಒಂದು ಸಪ್ತಕ ಕೆಳಗಿಡುವುದೂ ಉಂಟು.

ಓದುವಾಗಲೇ ನಿಮಗೆ ಗುಣಕ್ರಿ ರಾಗ ಕೇಳಿಸಿರಬೇಕು. ನಮ್ಮ ಭಾಗದವರಿಗೆ ಕೊಟೊ ಒಡ್ಡುವ ದೊಡ್ಡ ಬಲೆ ಇದೇ. ತಂತಿಗಳ ಮೇಲೆ ಒಮ್ಮೆ ಕೈಯಾಡಿಸಿದರೆ ಸಾಕು, ಕಿವಿ ರಾಗವನ್ನು ಗುರುತಿಸಿ, ಮುಂದಿನ ಹೆಜ್ಜೆಯನ್ನು ತಾನೇ ಕಟ್ಟತೊಡಗುತ್ತದೆ. ವಾದ್ಯವಂತೂ ಗಾಯಕರು ರಾಗದ ಸ್ವರಗಳಿಗೆ ಕೂಡಿಸಿ ಮೀಟಿಕೊಳ್ಳುವ ಸ್ವರಮಂಡಲದ ದುಬಾರಿ ರೂಪವಾಗಿ ಕೂರುತ್ತದೆ. ಕೊಟೊದ ಮೇಲೆ ಗುಣಕ್ರಿ ನುಡಿಸುವುದು ತಪ್ಪೇನಲ್ಲ, ಆದರೆ ಅದಕ್ಕೆ ಪ್ರಯೋಗವೆಂಬ ಹೆಸರು ಬೇಡ.

ಆದ್ದರಿಂದ ಎರಡನೆಯ ಕೆಲಸ, ಕೂಡಿಸಿದ್ದನ್ನು ಕದಡುವುದು. ಆರನೆಯ ಕುದುರೆಯನ್ನು ಒಂದು ಅಕ್ಕಿಕಾಳಿನಷ್ಟು ಬಲಕ್ಕೂ, ಹನ್ನೊಂದನೆಯದನ್ನು ಅಷ್ಟೇ ಎಡಕ್ಕೂ ಸರಿಸಿ. ಎರಡೂ ರಿಷಭಗಳೇ, ಆದರೆ ಸಪ್ತಕದ ನಂಟು ಮುರಿದು, ಜೊತೆಯಾಗಿ ಮೀಟಿದಾಗ ನಾದ ಅಲೆಯಲೆಯಾಗಿ ನಡುಗುತ್ತದೆ. ನಾಲ್ಕು ಮತ್ತು ಒಂಬತ್ತನೆಯವುಗಳಿಗೂ ಹೀಗೆಯೇ ಮಾಡಿ. ನುಡಿಸುತ್ತಿರುವಾಗಲೇ, ದನಿ ಆರುವ ಮುಂಚೆ, ಎಡಗೈಯಿಂದ ಒಂದು ಕುದುರೆಯನ್ನು ಬುಡದಲ್ಲಿ ಹಿಡಿದು ನಿಧಾನವಾಗಿ ನಡೆಸುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಮೇಲ್ತುದಿ ಹಿಡಿದು ಎಳೆದರೆ ಅದು ಮಗುಚಿ, ಬಂದೂಕಿನಂಥ ಸದ್ದಿನೊಡನೆ ಹಾರುತ್ತದೆ. ನನ್ನದೊಂದು ಹಾರಿ ಪಕ್ಕದಲ್ಲಿದ್ದ ಚಹಾದ ಕಪ್ಪಿನೊಳಗೇ ಬಿದ್ದಿತ್ತು.

ಎಡಗೈಗೆ ಕೊಟೊದಲ್ಲಿ ಬಹಳ ಕೆಲಸವಿದೆ. ಕುದುರೆಯ ಎಡಕ್ಕೆ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ತಂತಿಯನ್ನು ಒತ್ತಿದರೆ ಅರ್ಧ ಅಥವಾ ಪೂರ್ಣ ಸ್ವರ ಏರುತ್ತದೆ; ತಂತಿಯನ್ನು ಕುದುರೆಯ ಕಡೆಗೆ ಎಳೆದರೆ ತುಸು ಇಳಿಯುತ್ತದೆ. ಸಿತಾರದ ಮೀಂಡಿಗೆ, ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ, ಒಗ್ಗಿದವರಿಗೆ ಇದು ಬೇಗ ದಕ್ಕುತ್ತದೆ, ಆದರೆ ಸ್ವರದಿಂದ ಸ್ವರಕ್ಕೆ ಗುರಿಯಿಟ್ಟು ಹೋಗುವ ಚಟವನ್ನು ಬಿಡಬೇಕು. ಎರಡು ಸ್ವರಗಳ ನಡುವೆ ಎಲ್ಲಿಯೋ ನಿಂತು, ಅಲ್ಲಿಯೇ ದನಿ ಆರುವವರೆಗೆ ಕಾಯಿರಿ.

ಇನ್ನು, ಸಂಪ್ರದಾಯ ಸಾಮಾನ್ಯವಾಗಿ ಮೀಟದೆ ಬಿಡುವ, ಕುದುರೆಗಳ ಎಡಗಡೆಯ ಭಾಗವನ್ನು ಬರಿಬೆರಳಿನಿಂದ ಮೀಟಿ ನೋಡಿ. ಬಲಗಡೆ ಎರಡರಿಂದ ಹದಿಮೂರಕ್ಕೆ ಸ್ವರ ಏರುತ್ತ ಹೋದರೆ ಎಡಗಡೆ ಅದೇ ದಿಕ್ಕಿನಲ್ಲಿ ಇಳಿಯುತ್ತದೆ, ಏಕೆಂದರೆ ಬಲಗಡೆ ಗಿಡ್ಡವಾದ ತಂತಿ ಎಡಗಡೆ ಉದ್ದವಾಗಿರುತ್ತದೆ. ಯಾರೂ ಶ್ರುತಿ ಮಾಡದ, ಯಾವ ರಾಗಕ್ಕೂ ಸೇರದ ಸಾಲು ಅಲ್ಲಿದೆ. ನನ್ನ ಮಟ್ಟಿಗೆ ಕೊಟೊದ ಮುಕ್ತವಾದನ ಶುರುವಾದದ್ದು, ಎರಡು ಕೈಗಳೂ ಕುದುರೆಗಳ ಎರಡು ಬದಿಯಲ್ಲಿ ಒಟ್ಟಿಗೆ ಕೆಲಸ ಮಾಡತೊಡಗಿದ ದಿನ.

ಗದ್ದಲದ ಸದ್ದುಗಳು ಈ ವಾದ್ಯಕ್ಕೆ ಹೊರಗಿನಿಂದ ಬಂದವಲ್ಲ. ಉಗುರಿನ ಅಂಚನ್ನು ತಂತಿಯುದ್ದಕ್ಕೆ ಉಜ್ಜುವ ‘ಸುರಿಜುಮೆ’ ಹಳೆಯ ಕೃತಿಗಳಲ್ಲಿಯೇ ಇದೆ. ಅದನ್ನು ಐದು ನಿಮಿಷ ಬಿಡದೆ ಮಾಡುವುದಷ್ಟೇ ಹೊಸದು. ವಾದ್ಯವೂ ನಿಂತ ನೀರಾಗಿಲ್ಲ: ಮಿಚಿಯೊ ಮಿಯಾಗಿ 1921ರಲ್ಲಿ 17 ತಂತಿಗಳ ಮಂದ್ರ ಕೊಟೊವನ್ನು ರೂಪಿಸಿದರು. ಕೇಳಲೇಬೇಕಾದ ಕೊಟೊವಾದಕಿಯರೆಂದರೆ ಕಾಜುಯೆ ಸವಾಯಿ, ಅವರ ಶಿಷ್ಯೆ ಮಿಚಿಯೊ ಯಾಗಿ, ಮತ್ತು ಕೊಟೊಗೆ ಲೇಸರ್ ಕಿರಣಗಳನ್ನೂ ಎಲೆಕ್ಟ್ರಾನಿಕ್ಸನ್ನೂ ಜೋಡಿಸಿದ ಅಮೆರಿಕದ ಮಿಯಾ ಮಸಾವೊಕಾ.

ತಂತಿಗಳ ನಡುವೆ ವಸ್ತುಗಳನ್ನು ಸೇರಿಸುವುದಾದರೆ ಲೋಹವನ್ನು ದೂರವಿಡಿ, ಕಿರಿ ಮರಕ್ಕೆ ಉಗುರು ತಾಗಿದರೂ ಗುರುತು ಬೀಳುತ್ತದೆ. ಕಸಬರಿಗೆಯ ತೆಂಗಿನ ಕಡ್ಡಿಯನ್ನು ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ ಹೆಣೆದರೆ ಒಣ ಗಿಲಕಿಯ ಸದ್ದು ಬರುತ್ತದೆ. ಕುದುರೆಯ ಪಕ್ಕದಲ್ಲಿ ತಂತಿಗೆ ತಾಗಿಯೂ ತಾಗದಂತೆ ಕಾಗದದ ಚೂರನ್ನಿಟ್ಟರೆ ತಂಬೂರಿಯ ಜವಾರಿಗೆ ದೂರದ ನೆಂಟನಂಥ ಝೇಂಕಾರ ಸಿಗುತ್ತದೆ. ಪಿಟೀಲಿನ ಕಮಾನು ಅಂಚಿನ ಎರಡು ತಂತಿಗಳಿಗೆ ಮಾತ್ರ ಸರಿಯಾಗಿ ಎಟಕುತ್ತದೆ. ಒಳಗಿನ ತಂತಿಗಳಿಗೆ, ರಾಳ ಹಚ್ಚಿದ ಮೀನುಗಾಳದ ನೈಲಾನ್ ದಾರವನ್ನು ತಂತಿಯ ಕೆಳಗಿನಿಂದ ತೂರಿಸಿ, ಮಜ್ಜಿಗೆ ಕಡೆಯುವಂತೆ ಎರಡು ಕೈಗಳಿಂದ ಹಿಂದೆಮುಂದೆ ಎಳೆಯಬೇಕು. ಧ್ವನಿವರ್ಧನೆಗೆ ತಳದ ರಂಧ್ರದ ಬಳಿ ಅಂಟಿಸುವ ಅಗ್ಗದ ಪೀಜೋ ಬಿಲ್ಲೆ (ಮರದ ಕಂಪನವನ್ನು ಹಿಡಿಯುವ ಪುಟ್ಟ ಮೈಕು) ಸಾಕು.

ತಬಲಾದವರನ್ನು ಜೊತೆಗೆ ಕರೆದರೆ, ಠೇಕಾ, ಅಂದರೆ ತಾಳದ ಗೊತ್ತಾದ ಬಡಿತ, ಹಿಡಿಯಬಾರದೆಂದು ಮೊದಲೇ ಹೇಳಿ; ಹಿಡಿದರೆ ನೀವು ಸಿತಾರದ ವೇಗದ ಝಾಲಾಕ್ಕೆ ಹೋಗಿಯೇ ಹೋಗುತ್ತೀರಿ. ಆರಂಭದಲ್ಲಿ ಒಂದು ಬೈಠಕ್ಕಿಗೆ 10 ನಿಮಿಷ ಸಾಕು, ಮತ್ತು ಅದರಲ್ಲಿ ನಾಲ್ಕು ತಂತಿಗಳಿಗಿಂತ ಹೆಚ್ಚು ಮುಟ್ಟಬೇಡಿ. ಮುಗಿದ ಮೇಲೆ ಕುದುರೆಗಳನ್ನು ತೆಗೆಯುವ ಮುನ್ನ ಅವು ನಿಂತಿರುವ ಸಾಲನ್ನು ಮೇಲಿನಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮರುದಿನ ಹಿರಾಜೋಶಿಯ ಬದಲು ಅಲ್ಲಿಂದಲೇ ಹೊರಡಬಹುದು.